ಮೇ ತಿಂಗಳ ಇಬ್ಬನಿ

ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ ಬಂದದ್ದು 2008ರಲ್ಲಿ. ಅದರ ಆವರಣಕ್ಕೆ ಉದ್ಯಾನಗಿರಿ ಅಂತಲೇ ಹೆಸರು. ಆದರೂ ನಮ್ಮೂರ ಕಚೇರಿಗಳಿಗೆ ಹಸಿರು ಬರುವುದು ಫ್ಯಾನ್ಸಿ ಸ್ಟೋರಿನಿಂದ, ಎಂಆರ್‌ಪಿ ಚೀಟಿ ಸಮೇತ.

ಮೊನ್ನೆ ಒಂದು ಕಚೇರಿಗೆ ಹೋದಾಗ ಸಾಹೇಬರು ಎಂದಿನಂತೆ ಮೀಟಿಂಗಿನಲ್ಲಿದ್ದರು. ಕಾಯುತ್ತ ಕುಳಿತ ನನ್ನೆದುರು ಒಂದು ಗುಲಾಬಿ ಕುಂಡ. ಎಲೆಯಂಚಿಗೆ ಅಚ್ಚಿನ ಗೆರೆ, ದಂಟಿನಿಂದ ಇಣುಕುವ ತಂತಿ, ದಳದ ಮೇಲೆ ಗೋಂದಿನ ಇಬ್ಬನಿ. ಹೊರಗೆ ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟಿತ್ತು, ನಳದ ಮುಂದೆ ಕೊಡಗಳ ಪಾಳಿ ಹಚ್ಚಿತ್ತು. ಒಳಗೆ ಇಬ್ಬನಿ ಮಾತ್ರ ಆರಿರಲಿಲ್ಲ. ಅದರ ಮೇಲೂ ಎರೆಮಣ್ಣಿನ ಧೂಳು.

“ಖರೇ ಗಿಡ ಯಾಕ ಇಡಂಗಿಲ್ರಿ?” ಅಂತ ಸಿಪಾಯಿಯನ್ನು ಕೇಳಿದೆ.

“ಇಟ್ಟಿದ್ವಿರಿ. ನೀರ ಹಾಕೂದು ಯಾರ ಕೆಲಸ ಅಂತ ಫೈಲ್ ಮ್ಯಾಲ ಹೋತು. ಅದು ವಾಪಸ್ ಬರೂದ್ರಾಗ ಗಿಡ ಒಣಗಿತ್ರಿ. ಇದು ಭಾಳ ಚಲೋ ನೋಡ್ರಿ. ನೀರ ಕೇಳಂಗಿಲ್ಲ, ರಜಾ ಕೇಳಂಗಿಲ್ಲ, ವರ್ಗಾನೂ ಆಗಂಗಿಲ್ಲ.”

ಜೂನ್ 5ರ ಪರಿಸರ ದಿನ ಬಂತೆಂದರೆ ಇಂಥ ಕುಂಡಗಳಿಗೆ ಬಡ್ತಿ, ವೇದಿಕೆ ಹತ್ತುತ್ತವೆ. ಪ್ಲಾಸ್ಟಿಕ್ ಹೂವಿನ ಕಮಾನಿನ ಕೆಳಗೆ ನಿಂತು ಪ್ಲಾಸ್ಟಿಕ್ ಬಿಡುವ ಪ್ರತಿಜ್ಞೆ! ಕಾನೂನಿನ ಅಡ್ಡಿಯೂ ಇಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಲೂನಿನ ಕಡ್ಡಿ ಇದೆ, ಐಸ್‌ಕ್ರೀಮ್ ಕಡ್ಡಿ ಇದೆ, ಅಲಂಕಾರದ ಥರ್ಮೋಕೋಲ್ ಕೂಡ ಇದೆ, ಹೂವಿಲ್ಲ. ಇರಲಿ ಬಿಡಿ, ಇದೇನು ಒಂದೇ ಸಲ ಬಳಸಿ ಎಸೆಯುವ ಹೂವೇ? ಭಾಷಣದ ಹಾಗೆ ಮುಂದಿನ ವರ್ಷಕ್ಕೂ ಬರುತ್ತದೆ.

ಖರೇ ಗಿಡದ ಪಕ್ಷದವರೂ ಪೂರ್ತಿ ಸಾಚಾ ಅಲ್ಲ. ಟೇಬಲ್ಲಿಗೊಂದು ಮನಿ ಪ್ಲಾಂಟ್ ಇಟ್ಟು, ನಾಸಾದವರೇ ಹೇಳ್ಯಾರ, ಗಾಳಿ ಶುದ್ಧ ಆಗ್ತದ ಅನ್ನುತ್ತಾರೆ. ನಾಸಾದ ಆ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಪೆಟ್ಟಿಗೆಯೊಳಗೆ. ಇಂಥ ಪ್ರಯೋಗಗಳನ್ನೆಲ್ಲ ಜಾಲಾಡಿ 2019ರಲ್ಲಿ ಲೆಕ್ಕ ಹಾಕಿದವರ ಪ್ರಕಾರ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಆಗ ಸಾಹೇಬರ ಕುರ್ಚಿಗೆ ಜಾಗ ಉಳಿಯುವುದಿಲ್ಲ (ಅದೂ ಒಂದು ಲಾಭವೇ). ಕಿಟಕಿ ತೆಗೆದರೆ ಮುಗಿಯಿತು. ಆದರೆ ಕಿಟಕಿ ಹಳೇ ಫೈಲುಗಳ ಹಿಂದೆ ಇದೆ.

ಆ ಕಚೇರಿಯಲ್ಲಿ ಜೀವವಿರುವ ಗಿಡ ಒಂದೇ ಒಂದು: ಹಿಂಬದಿಯಲ್ಲಿ ಪೈಪು ಸೋರುವ ಕಡೆ ಗೋಡೆ ಸೀಳಿಕೊಂಡು ಎದ್ದ ಅರಳಿ. ಅದನ್ನು ಕೀಳಲು ಎಸ್ಟಿಮೇಟ್ ಆಗಿದೆಯಂತೆ. ಪೈಪಿನ ಸುದ್ದಿ ಯಾರೂ ಎತ್ತಿಲ್ಲ.