ಮಾವನ ಮಳೆಮಾಪಕವೂ ನನ್ನ ರೇಷ್ಮೆಯೂ

ನಾನು ಬಣ್ಣ ಹಾಕಿದ ಎರಡೂವರೆ ಮೀಟರ್ ರೇಷ್ಮೆಯನ್ನು ಕೋತಿಯೊಂದು ಹೊತ್ತೊಯ್ದು ಇನ್ನೂ ಒಂದು ದಿನವೂ ತುಂಬಿಲ್ಲವಾದ್ದರಿಂದ ಈ ಬರಹದಲ್ಲಿ ಯಾರೂ ಸಮಚಿತ್ತವನ್ನು ನಿರೀಕ್ಷಿಸಬಾರದು. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಕೋತಿಯ ಮೇಲಿರುವುದಕ್ಕಿಂತ ಮನೆಯವರ ಮೇಲೆ ಹೆಚ್ಚಾಗಿದೆ. ಭಾಗಮಂಡಲದ ದಾರಿಯಲ್ಲಿರುವ ನಮ್ಮ ತೋಟದಲ್ಲಿ ಏನೇ ಅನಾಹುತವಾಗಲಿ, ಮಾವನವರು ಮೊದಲು ಕೇಳುವ ಪ್ರಶ್ನೆ ಒಂದೇ: "ಆಗ ಮಳೆ ಎಷ್ಟು ಬಿದ್ದಿತ್ತು?"

ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆ ಬೀಳುವುದು ಇಂಚು ಮತ್ತು ಸೆಂಟುಗಳಲ್ಲಿ. ಪತ್ರಿಕೆಗಳು ಮಿಲಿಮೀಟರಿನಲ್ಲಿ ಎಷ್ಟೇ ಬರೆದುಕೊಳ್ಳಲಿ, ಇಂಚಿಗೆ 100 ಸೆಂಟು ಎಂಬ ಲೆಕ್ಕವನ್ನು ಇಲ್ಲಿ ಯಾರೂ ಬಿಟ್ಟುಕೊಟ್ಟಿಲ್ಲ. ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ಮಾವನವರು ಛತ್ರಿ ಹಿಡಿದು, ಕಣದ ಅಂಚಿನ ಮಳೆಮಾಪಕದ ಬಳಿಗೆ ದೇವರ ಗುಡಿಗೆ ಹೋಗುವವರಂತೆ ನಡೆದು, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ಪುಸ್ತಕದಲ್ಲಿ ಬರೆಯುತ್ತಾರೆ. ಆಮೇಲೆ ಸುತ್ತಲಿನ ತೋಟಗಳಿಂದ "ನಿಮ್ಮಲ್ಲಿ ಎಷ್ಟು?" ಎಂಬ ಫೋನುಗಳು ಆರಂಭವಾಗುತ್ತವೆ. ಮಾರ್ಚಿನ ಹೂಮಳೆ ಪಕ್ಕದ ತೋಟಕ್ಕಿಂತ ಹತ್ತು ಸೆಂಟು ಕಡಿಮೆ ಬಿದ್ದರೆ ಅವಮಾನ, ಆಗಸ್ಟಿನಲ್ಲಿ ಹತ್ತು ಸೆಂಟು ಹೆಚ್ಚು ಬಿದ್ದರೆ ಕಾಯಿ ಉದುರುವ ಚಿಂತೆ. ಎರಡೂ ದಿನ ನಾನು ಮಾಡಿದ ಕಡುಬು ತಟ್ಟೆಯಲ್ಲಿಯೇ ತಣ್ಣಗಾಗುತ್ತದೆ.

ನಾನು ಇಳಕಲ್ಲಿನವಳು. ನಮ್ಮಲ್ಲಿ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದ ಉದ್ದನೆಯ ನೂಲುಗಳ ಜೊತೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಗಂಜಿ ಹಾಕಿದ ನೂಲನ್ನು ಬಿಸಿಲಿಗೆ ಚಾಚಿದರೆ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಅಂತಹ ಊರಿನಿಂದ ಮದುವೆಯಾಗಿ ಬಂದವಳು ಮೊದಲ ವರ್ಷ ಇಲ್ಲಿಯೂ ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗ ಹೂಡಬೇಕೆಂದು ಹಟ ಹಿಡಿದಾಗ, ಅತ್ತೆಯವರು, "ಮಳೆಗಾಲದಲ್ಲಿ ಕುಣಿ ತೋಡಿದರೆ ಅದು ಬಾವಿಯಾಗುತ್ತದೆ ಮಗಳೇ, ಆಮೇಲೆ ಮೀನು ಸಾಕು" ಎಂದಿದ್ದರು. ಕೊನೆಗೆ ಮರದ ಚೌಕಟ್ಟಿನ ಮಗ್ಗ ಬಂತು. ಅದು ಜೂನಿನಲ್ಲಿ ಉಬ್ಬಿ, ಜನವರಿಯಲ್ಲಿ ಸೊರಗುತ್ತದೆ. ಗಂಜಿಯ ರುಚಿಗೆ ಜಿರಳೆಗಳು ಹಾಸನ್ನೇ ಊಟದ ಎಲೆ ಮಾಡಿಕೊಂಡಿವೆ. ಡಿಸೆಂಬರಿನಿಂದ ಒಳ್ಳೆಯ ಬಿಸಿಲೇನೋ ಬರುತ್ತದೆ. ಆದರೆ ಆಗ ಕಣವೆಲ್ಲ ಕಾಫಿಯದು, ನನ್ನ ಬಟ್ಟೆಗೆ ಒಂದು ಮೂಲೆಯೂ ಸಿಗುವುದಿಲ್ಲ. ಸಿಂಪಿಗ ಹಕ್ಕಿಯೊಂದು ಎಲೆಗಳನ್ನು ಹೊಲಿದು ಗೂಡು ಮಾಡಲು ನನ್ನ ಹತ್ತಿಯ ಎಳೆಗಳನ್ನು ಕದಿಯುವುದನ್ನು ಮಾತ್ರ ನಾನು ಕ್ಷಮಿಸಿದ್ದೇನೆ, ಏಕೆಂದರೆ ನಮ್ಮಿಬ್ಬರ ಕಸುಬು ಒಂದೇ, ಮತ್ತು ಅದರ ಹೊಲಿಗೆ ನನ್ನದಕ್ಕಿಂತ ಅಚ್ಚುಕಟ್ಟು.

ಈಗ ಮೊನ್ನೆಯ ವಿಷಯ. ಆಗಸ್ಟ್ 3 ಕಕ್ಕಡ ಹದಿನೆಂಟು, ಅಂದರೆ ಇಲ್ಲಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ನಮ್ಮ ಮನೆಯಲ್ಲಿ ಅದನ್ನು ಆಟಿ ಹದಿನೆಂಟು ಎನ್ನುತ್ತಾರೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗಳು ಸೇರಿರುತ್ತವೆಂಬುದು ಇಲ್ಲಿನ ನಂಬಿಕೆ. ಸೊಪ್ಪನ್ನು ಕುದಿಸಿದರೆ ಕಡು ನೇರಳೆಯ ರಸ ಬಿಡುತ್ತದೆ, ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಉಂಡವರ ಮೂತ್ರವೂ ಕೆಂಪಾಗುತ್ತದೆ, ಅದನ್ನು ಕಂಡು ಮದ್ದು ಮೈಗೆ ಹತ್ತಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ಬಟ್ಟೆಗೆ ಬಣ್ಣ ಕಚ್ಚಿಸುವ ಪಟಿಕವಿಲ್ಲದೆಯೇ ಇಡೀ ಜಿಲ್ಲೆಗೆ ಒಂದೇ ದಿನದಲ್ಲಿ ಬಣ್ಣ ಹಿಡಿಸುವ ಈ ಸೊಪ್ಪಿನ ಮೇಲೆ, ಬಣ್ಣ ಹಾಕುವ ಕಸುಬಿನವಳಾದ ನನಗೆ ಹಲವು ವರ್ಷಗಳಿಂದ ಕಣ್ಣಿತ್ತು. ಬೆಂಗಳೂರಿನ ಗ್ರಾಹಕಿಯೊಬ್ಬರು ಗಿಡದಿಂದಲೇ ಬಂದ ನೇರಳೆ ಬೇಕೆಂದು ಕೇಳಿದಾಗ ಈ ಬಾರಿ ಕೈ ಹಾಕಿಯೇ ಬಿಟ್ಟೆ.

ತಪ್ಪು ನಡೆದದ್ದು ಪಾತ್ರೆಗಳ ವಿಷಯದಲ್ಲಿ. ಒಲೆಯ ಪಕ್ಕದಲ್ಲಿ ಒಂದೇ ಗಾತ್ರದ ಎರಡು ಪಾತ್ರೆಗಳಿದ್ದವು, ಎರಡರಲ್ಲಿಯೂ ಒಂದೇ ನೇರಳೆ ರಸ. ಒಂದಕ್ಕೆ ನಾನು ಪಟಿಕ ಹಾಕಿಟ್ಟಿದ್ದೆ, ಇನ್ನೊಂದಕ್ಕೆ ಅತ್ತೆಯವರು ಬೆಲ್ಲ ಕರಗಿಸಿಟ್ಟಿದ್ದರು. ನಾನು ಮಧ್ಯಾಹ್ನ ಬಹಳ ಶ್ರದ್ಧೆಯಿಂದ ರೇಷ್ಮೆಯನ್ನು ಬೆಲ್ಲದ ಪಾತ್ರೆಯಲ್ಲಿ ಮುಳುಗಿಸಿ, ಮೇಲೊಂದು ತಟ್ಟೆ ಮುಚ್ಚಿ ಹೋದೆ. ಸಂಜೆ ಅತ್ತೆಯವರು ಉಳಿದ ಪಾತ್ರೆಯಲ್ಲಿ ಅಕ್ಕಿ ಬೇಯಿಸಿದರು. ಸಿಹಿ ಸಾಲದೆಂದು ತಮ್ಮ ನೆನಪಿನ ಶಕ್ತಿಯನ್ನೇ ಬೈದುಕೊಂಡು ಮತ್ತೆ ಬೆಲ್ಲ ಹಾಕಿದರು. ಮೊದಲ ತುತ್ತಿಗೇ ಎಲ್ಲರ ಬಾಯಿ ಕಟ್ಟಿದ ಚೀಲದಂತೆ ಮುದುಡಿತು. ನನ್ನ ಗಂಡ ಚಮಚವನ್ನು ಕೆಳಗಿಟ್ಟು ಕಿಟಕಿಯತ್ತ ನೋಡಿದರು. ಅತ್ತೆಯವರು ಅಕ್ಕಿಯ ಮೇಲೆ, ಆಮೇಲೆ ಬೆಲ್ಲದ ಅಂಗಡಿಯವನ ಮೇಲೆ ಸಂಶಯಪಟ್ಟರು. ಮಾವನವರೊಬ್ಬರೇ ಧೃತಿಗೆಡದೆ, "ಈ ವರ್ಷ ಜುಲೈಯಲ್ಲಿ ಮಳೆ ಚೆನ್ನಾಗಿ ಬಿದ್ದಿದೆ, ಅದಕ್ಕೇ ಸೊಪ್ಪಿನಲ್ಲಿ ಮದ್ದು ಗಟ್ಟಿಯಾಗಿದೆ" ಎಂದು ಘೋಷಿಸಿ ಇನ್ನೊಂದು ಸೌಟು ಹಾಕಿಸಿಕೊಂಡರು. ಪಟಿಕದ ಒಗರನ್ನೂ ಇಂಚಿನ ಲೆಕ್ಕಕ್ಕೆ ಸೇರಿಸಬಲ್ಲ ಆ ಮನುಷ್ಯನ ಎದುರು ನಾನು ನನ್ನ ಪಾಲಿನದನ್ನು ಸದ್ದಿಲ್ಲದೆ ನುಂಗಿದೆ. ಅಷ್ಟು ಹೊತ್ತಿಗೆ ನನಗೂ ಏನೂ ಹೊಳೆದಿರಲಿಲ್ಲ.

ಹೊಳೆದದ್ದು ನಿನ್ನೆ ಬೆಳಿಗ್ಗೆ. ಜಗಲಿಯ ಹಗ್ಗಕ್ಕೆ ಹಾಕಿದ್ದ ರೇಷ್ಮೆಯ ಮೇಲೆ, ನಾನು ನೇಯದ ಒಂದು ಕಪ್ಪು ಅಂಚು ತಾನಾಗಿಯೇ ಚಲಿಸುತ್ತಿತ್ತು. ಇರುವೆಗಳು. ಬೆರಳಿಗೆ ಅಂಟಿದ್ದನ್ನು ನೆಕ್ಕಿ ನೋಡಿದೆ, ಸಿಹಿ. ಹಾಗಾದರೆ ನಾವು ಉಂಡದ್ದು ಏನೆಂಬುದು ಅರ್ಥವಾದಾಗ ನಾನು ಹಗ್ಗದ ಕೆಳಗೇ ಕುಳಿತುಬಿಟ್ಟೆ. ತೊಳೆದರೆ ಬಣ್ಣ ಹೋಗುತ್ತದೆ, ತೊಳೆಯದಿದ್ದರೆ ಇರುವೆ ಹೋಗುವುದಿಲ್ಲ. ಯೋಚಿಸೋಣವೆಂದು ಊಟಕ್ಕೆ ಎದ್ದುಹೋದದ್ದೇ ತಪ್ಪಾಯಿತು. ಹಿಂತಿರುಗುವಾಗ ಕಣದ ಪಕ್ಕದ ಸಿಲ್ವರ್ ಓಕ್ ಮರದಲ್ಲಿ, ಮೆಣಸಿನ ಬಳ್ಳಿಗಳ ನಡುವೆ, ಗಡವ ಕೋತಿಯೊಂದು ನನ್ನ ರೇಷ್ಮೆಯನ್ನು ಇಲ್ಲಿನ ಮದುಮಗ ಸೊಂಟಕ್ಕೆ ಕಟ್ಟುವ ಚೇಲೆಯಂತೆ ಸುತ್ತಿಕೊಂಡು, ಒಂದು ತುದಿಯನ್ನು ಕಬ್ಬಿನಂತೆ ಚೀಪುತ್ತಿತ್ತು. ನಾನು ಕೂಗಿದೆ, ನಾಯಿ ಬೊಗಳಿತು. ಕೋತಿ ಮಾತ್ರ ಇನ್ನೊಂದು ತುದಿಯನ್ನು ಮರಿಗೆ ಕೊಟ್ಟಿತು. ಮಾವನವರು ಜಗಲಿಯಲ್ಲಿ ಕಣ್ಣೀರು ಬರುವಷ್ಟು ನಕ್ಕರು. ಅದನ್ನು ನಾನು ಇನ್ನೂ ಮರೆತಿಲ್ಲ.

ರಾತ್ರಿ ಮಳೆ ಸುರಿಯಿತು. ಅಂತಹ ಮಳೆಗೆ ಮಾವನವರು ನಗುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಮನೆಗಳನ್ನೂ ತೋಟಗಳನ್ನೂ ಎಳೆದುಕೊಂಡು ಜಾರಿದ ದಿನಗಳಲ್ಲಿ ಅವರ ಪುಸ್ತಕದ ಸಾಲುಗಳು ಖಾಲಿ ಇವೆ. ದಿನವೂ ಬರೆಯುವ ಕೈ ಆಗ ಏಕೆ ಬರೆಯಲಿಲ್ಲವೆಂದು ನಾನು ಕೇಳಿಲ್ಲ. ಈಗಲೂ ಹೆಂಚಿನ ಮೇಲಿನ ಸದ್ದು ಒಂದು ಹದ ಮೀರಿದರೆ ಅವರು ಟಾರ್ಚ್ ಹಿಡಿದು ಹಿತ್ತಲಿನ ಬರೆಯನ್ನು, ಆ ಕಡಿದಾದ ಮಣ್ಣಿನ ದಿಬ್ಬವನ್ನು, ನೋಡಿ ಬರುತ್ತಾರೆ, ನಾವು ಮಲಗಿದವರಂತೆ ಸುಮ್ಮನಿರುತ್ತೇವೆ.

ಇಂದು ಬೆಳಿಗ್ಗೆ 7 ಗಂಟೆಗೆ ಅಂಗಳದಿಂದ ಅವರ ಕೂಗು ಕೇಳಿತು. ಮರದಿಂದ ಜಾರಿದ ರೇಷ್ಮೆ ನೇರವಾಗಿ ಮಳೆಮಾಪಕದ ಆಲಿಕೆಯ ಮೇಲೆಯೇ ಮುಸುಕು ಹಾಕಿಕೊಂಡು ಬಿದ್ದಿತ್ತು. ಬಟ್ಟೆಯಲ್ಲಿ ಬಣ್ಣವಿರಲಿಲ್ಲ. ಮೀನು ತೊಳೆದ ನೀರಿನಂತಹ ಛಾಯೆ, ನಡುವೆ ಹಲ್ಲಿನ ಗುರುತುಗಳು. ಅಳತೆಯ ಗಾಜಿನೊಳಗೆ ಮಾತ್ರ, ನಾನು ಮೂರು ದಿನಗಳಿಂದ ಬಯಸಿದ್ದ ನೇರಳೆ ತಿಳಿಯಾಗಿ ನಿಂತಿತ್ತು. ಮಾವನವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬಣ್ಣವೇನೋ ಚೆನ್ನಾಗಿ ಬಂದಿದೆ ಮಗಳೇ. ಆದರೆ ಇದನ್ನು ಎಷ್ಟೆಂದು ಬರೆಯಲಿ?" ಎಂದರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪಕ್ಕದ ತೋಟದವರದು. ಮಾವನವರು ಗಂಟಲು ಸರಿಪಡಿಸಿಕೊಂಡು ಹೇಳಿದರು: "ಗಾಜಿನಲ್ಲಿ ಎರಡು ಇಂಚು ನಲವತ್ತು ಸೆಂಟು ಇದೆ. ಸೊಸೆಯ ರೇಷ್ಮೆ ಎಷ್ಟು ಕುಡಿದಿದೆಯೋ, ಹಿಂಡಿ ನೋಡಿ ಹೇಳುತ್ತೇನೆ."