ಪ್ರೋಟೋಕಾಲ್ ಬರೆಯೋಕೆ ಬೇರೆ ಭಾಷೆ ಬೇಕಾ?

ಪರ: ಶಿರಸಿಯ ತೋಟದಿಂದ

ಹೋದ ಬೇಸಿಗೆಯಲ್ಲಿ ನಮ್ಮ ಅಡಿಕೆ ತೋಟದ ಪಂಪಿಗೆ ರೇಡಿಯೋ ಕೂರಿಸಿದೆ. ಮನೆಯಲ್ಲಿ ಬಟನ್ ಒತ್ತಿದರೆ ಹೊಳೆ ಹತ್ತಿರದ ಪಂಪು ಚಾಲೂ, ಇನ್ನೊಮ್ಮೆ ಒತ್ತಿದರೆ ಬಂದ್. ಸಂದೇಶ ಒಂದೇ: 'ಈಗಿರೋದನ್ನು ಬದಲಾಯಿಸು'. ಉತ್ತರ ಬರದಿದ್ದರೆ ಮೂರು ಸೆಕೆಂಡ್ ಬಿಟ್ಟು ಮತ್ತೆ ಕಳಿಸು. ಇಷ್ಟೇ ಪ್ರೋಟೋಕಾಲ್, ಅಂದರೆ ಎರಡು ಪೆಟ್ಟಿಗೆ ಮಾತಾಡಿಕೊಳ್ಳುವ ನಿಯಮ.

ಒಂದು ಸಂಜೆ ಗುಡುಗು ಮಳೆ. ಪಂಪು ಹತ್ತಿತು, ಮೂರು ಸೆಕೆಂಡಿಗೆ ಆರಿತು. "ತಮಾ, ಇದಕ್ಕೆ ಎಂತಾತು?" ಅಂದರು ಅಪ್ಪಯ್ಯ. ಸಂದೇಶ ಮುಟ್ಟಿತ್ತು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿತ್ತು. ಮನೆಯ ಪೆಟ್ಟಿಗೆ ಮತ್ತೆ ಕಳಿಸಿತು. ಪಂಪಿಗೆ ಅದು ಹೊಸ ಆಜ್ಞೆ!

ಆಮೇಲೆ ಸುಮ್ನೆ ಕುತೂಹಲಕ್ಕೆ ಇದನ್ನೇ ಪ್ರೊಮೆಲಾದಲ್ಲಿ ಬರೆದೆ. ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಜ್‌ಮನ್ ಕಟ್ಟಿದ ಸ್ಪಿನ್ ಎಂಬ ಟೂಲ್‌ನ ಭಾಷೆ ಅದು. ಸ್ಪಿನ್ 1991ರಿಂದ ಪುಕ್ಕಟೆ ಸಿಗುತ್ತದೆ. ಯಾರು ಯಾರಿಗೆ ಏನು ಕಳಿಸುತ್ತಾರೆ, ಯಾವುದು ಕಳೆಯಬಹುದು ಅಂತ ಬರೆದುಕೊಟ್ಟರೆ ಸಾಕು. ಆಗಬಹುದಾದ ಒಂದೊಂದು ಸರದಿಯನ್ನೂ ಅದು ನಡೆಸಿ ನೋಡುತ್ತದೆ. ನನ್ನ ಗುಡುಗಿನ ಸಂಜೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಮುಂದಿಟ್ಟಿತು. ನಾಚಿಕೆಯಾಯಿತು.

ದೊಡ್ಡವರದ್ದೂ ಇದೇ ಪಾಡು. 2014ರ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ಲೋಪ ನೆನಪಿದೆಯಲ್ಲ? ಇಂಟರ್ನೆಟ್ಟಿನ ಮಾತನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್, ಆಚೆಯವರು ಹೇಳಿದ ಸಂದೇಶದ ಉದ್ದವನ್ನು ನೋಡದೇ ನಂಬಿತು. ಒಂದೊಂದು ಸಲಕ್ಕೆ 64 ಕೆಬಿವರೆಗೆ ಮೆಮೊರಿ ಹೊರಗೆ ಸೋರುತ್ತಿತ್ತು. ಉದ್ದ ಜಾಸ್ತಿಯಾದರೆ ಸಂದೇಶವನ್ನು ಬಿಸಾಕಿ ಅಂತ ನಿಯಮದಲ್ಲಿ ಬರೆದೇ ಇತ್ತು. ಕೋಡಿಗೆ ಇಳಿಸುವಾಗ ಬಿಟ್ಟುಹೋಯಿತು. ಸಂದೇಶದ ಅಚ್ಚನ್ನು ಮಾತ್ರ ನಾವು ಬರೆದು, ಅದನ್ನು ಓದುವ ಕೋಡನ್ನು ಟೂಲೇ ಹುಟ್ಟಿಸಿದ್ದರೆ ಹೀಗೆ ಬಿಟ್ಟುಹೋಗುತ್ತಿತ್ತಾ?

ವಿರೋಧ: ಕಾರವಾರದ ಬಂದರಿನಿಂದ

'ಬದಲಾಯಿಸು' ಬದಲು 'ಹಾಕು', 'ಆರಿಸು' ಅಂತ ಎರಡು ಸಂದೇಶ ಇಟ್ಟಿದ್ದರೆ ಅದೇ ಮಾತು ಹತ್ತು ಸಲ ಬಂದರೂ ಪಂಪು ಕೆಡುತ್ತಿರಲಿಲ್ಲ, ಅಲ್ವಾ? ಅಷ್ಟಕ್ಕೆ ಒಂದು ಭಾಷೆ ಕಲಿಯೋದು ಮೂಗಿಗಿಂತ ಮೂಗುತಿ ಭಾರ.

ಪ್ರೋಟೋಕಾಲ್ ಬರೆಯೋಕೆ ಅಂತಲೇ ಲೋಟೋಸ್, ಎಸ್ಟೆಲ್ ಅಂತ ಎರಡು ಭಾಷೆ ಇದ್ದವು. ಎರಡಕ್ಕೂ 1989ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಮುದ್ರೆ ಬಿತ್ತು. ಇವತ್ತು ಅವುಗಳಲ್ಲಿ ಬರೆಯುವವರನ್ನು ದುರ್ಬೀನು ಹಾಕಿ ಹುಡುಕಬೇಕು. ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಪ್ರೋಟೋಕಾಲ್ ಟಿಸಿಪಿ ಮಾತ್ರ 1981ರಲ್ಲಿ ಸಾದಾ ಇಂಗ್ಲಿಷ್ ಮತ್ತು ಗೆರೆ-ಚುಕ್ಕಿಯ ಚಿತ್ರಗಳಲ್ಲಿ ಬಂತು, ಇನ್ನೂ ದುಡಿಯುತ್ತಿದೆ.

ನಾನೇನು ಸ್ಪಿನ್ ಮುಟ್ಟದವನಲ್ಲ. ಬೈತಖೋಲದ ಒಂದು ಬೋಟಿಗೆ ಮೀನು-ಐಸ್ ಕೋಣೆಯ ತಾಪ ಅಳೆದು ಕ್ಯಾಬಿನ್‌ಗೆ ಕಳಿಸುವ ಪೆಟ್ಟಿಗೆ ಮಾಡಿದ್ದೆ. ಹಳೆಯ ಸಂದೇಶ ಮತ್ತೆ ಬಂದರೆ ಗೊತ್ತಾಗಲಿ ಅಂತ ಪ್ರತಿಯೊಂದಕ್ಕೂ ಏರುತ್ತಾ ಹೋಗುವ ನಂಬರ್. ಸ್ಪಿನ್ 'ತಪ್ಪು: 0' ಅಂತ ಹೇಳಿತು. ಖುಷಿಯಾಗಿ ಚಹಾ ಕುಡಿದೆ.

ಮೂರನೇ ದಿನ ಬೋಟ್ ನಡೆಸುವ ತಾಂಡೇಲರ ಫೋನ್. "ನಿಮ್ಮ ಪೆಟ್ಟಿಗೆ ನಿದ್ದೆ ಮಾಡ್ತದೆ." ಬೋಟ್ ಹತ್ತಿ ನೋಡಿದರೆ ಸ್ಕ್ರೀನಿನಲ್ಲಿ ತಾಪ ಅಲ್ಲಾಡುತ್ತಲೇ ಇಲ್ಲ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿಸಿದೆ. ವೋಲ್ಟೇಜ್ ದಬಕ್ಕನೆ ಬಿತ್ತು, ಪೆಟ್ಟಿಗೆ ಸತ್ತು ಹುಟ್ಟಿತು, ನಂಬರ್ ಮತ್ತೆ ಒಂದರಿಂದ ಶುರು. ಕ್ಯಾಬಿನ್ ಕಡೆಯದು 'ಇದೆಲ್ಲ ಹಳೇದು' ಅಂತ ಬಂದದ್ದನ್ನೆಲ್ಲ ಬಿಸಾಕುತ್ತಿತ್ತು. ಕರೆಂಟು ಹೋಗಿ ಬರುತ್ತದೆ ಅಂತ ನಾನು ಸ್ಪಿನ್‌ಗೆ ಕೊಟ್ಟ ಪ್ರೊಮೆಲಾ ಮಾದರಿಯಲ್ಲಿ ಬರೆದಿರಲಿಲ್ಲ. ಹೇಳದ್ದನ್ನು ಸ್ಪಿನ್ ಹೇಗೆ ಹುಡುಕೀತು?

ಡೆಕ್ ಮೇಲೇ ಕೂತು ಪೆಟ್ಟಿಗೆ ನಡೆಸುವ ಸಿ ಭಾಷೆಯ ಕೋಡಿನಲ್ಲಿ ನಾಲ್ಕು ಸಾಲು ಸೇರಿಸಿದೆ. ಬೋಟ್ ಆ ರಾತ್ರಿಯೇ ಕಡಲಿಗೆ ಹೋಯಿತು. ಪ್ರೊಮೆಲಾ ಫೈಲು ಮಾತ್ರ ಇನ್ನೂ ಹಳೆಯದೇ ಇದೆ. ಈಗಲೂ ನಡೆಸಿದರೆ ಅದು 'ತಪ್ಪು: 0' ಅನ್ನುತ್ತದೆ.