ಹೊದಿಕೆ ಯಾವಾಗ ತೆಗೆಯಬೇಕು?

ವಸಂತದ ಶುರುವಿಗೆ ಪ್ಲಾಸ್ಟಿಕ್ ಹೊದಿಸಿದ ಸಣ್ಣ ಹಸಿರುಮನೆಯಲ್ಲಿ ಹರ್ಬ್ (ಅಡುಗೆಗೆ ಬಳಸುವ ಪರಿಮಳದ ಸೊಪ್ಪು) ಗಿಡಗಳ ಸಸಿ ಮಾಡುವ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಸಸಿ ದೊಡ್ಡದಾಗುವವರೆಗೂ ಹೊದಿಕೆ ತೆಗೆಯಬೇಡಿ ಅಂದಿದ್ದೀರಲ್ಲ, ಅದು ನನಗೆ ಸರಿ ಕಾಣಲಿಲ್ಲ. ಮೊಳಕೆ ಬರುವವರೆಗೆ ಸರಿ. ಆಮೇಲೆ ಗಾಳಿ ಬೇಕೇ ಬೇಕು. ಹೊರಗೆ ತಂಪಿದ್ದರೂ ನೇರ ಬಿಸಿಲು ಬಿದ್ದರೆ ಮುಚ್ಚಿದ ಪ್ಲಾಸ್ಟಿಕ್ ಒಳಗೆ 40 ಡಿಗ್ರಿ ದಾಟಿಬಿಡಬಹುದು. ಜೊತೆಗೆ ತೇವ ಬೇರೆ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಸಸಿಯ ಕಾಂಡ ಮಣ್ಣಿನ ಮಟ್ಟದಲ್ಲೇ ಮೆತ್ತಗಾಗಿ, ದಾರದಷ್ಟು ಸಣ್ಣಗಾಗುತ್ತದೆ. ಎಲೆ ಇನ್ನೂ ಹಸಿರಾಗಿರುವಾಗಲೇ ಸಸಿ ಅಡ್ಡ ಬೀಳುತ್ತದೆ. ಹಾಗೆ ಬಿದ್ದದ್ದು ಮತ್ತೆ ಏಳುವುದಿಲ್ಲ. ಬೆಳಿಗ್ಗೆ ಹೊದಿಕೆಯ ಒಂದು ಬದಿ ಎತ್ತಿ, ಸಂಜೆ ಮುಚ್ಚಿ. ನೀರನ್ನು ಟ್ರೇಯ ಕೆಳಗಿನಿಂದ ಕೊಡಿ.

ಇನ್ನು, ಎಲ್ಲಾ ಬೀಜದ ಮೇಲೂ ಅರ್ಧ ಇಂಚು ಮಣ್ಣು ಹಾಕಿ ಅಂದಿದ್ದೀರಲ್ಲ, ಅದೂ ಸರಿಯಲ್ಲ. ಥೈಮ್, ಓರೆಗಾನೊ ಬೀಜ ತೀರಾ ಸಣ್ಣದು, ಅಷ್ಟು ಮಣ್ಣನ್ನು ತಳ್ಳಿ ಮೇಲೆ ಬರುವುದು ಕಷ್ಟ. ಸುಮ್ನೆ ಮೇಲೆ ಉದುರಿಸಿ ಬೆರಳಲ್ಲಿ ಒತ್ತಿದರೆ ಸಾಕು. ಬೇಸಿಲ್ 20–25 ಡಿಗ್ರಿ ಸಿಕ್ಕರೆ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ಪಾರ್ಸ್ಲಿ ಮೂರು ವಾರ ಸತಾಯಿಸಿದರೂ ಆಶ್ಚರ್ಯವಿಲ್ಲ. ಎರಡನ್ನೂ ಒಂದೇ ಟ್ರೇಗೆ ಹಾಕಿದರೆ ಹೊದಿಕೆ ಯಾವಾಗ ತೆಗೆಯುವುದು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಕೊತ್ತಂಬರಿಯನ್ನು ಮಾತ್ರ ಟ್ರೇಯಲ್ಲಿ ಸಸಿ ಮಾಡುವ ಗಿಡಗಳ ಪಟ್ಟಿಯಿಂದ ಬಿಡಿ. ಕಿತ್ತು ನೆಟ್ಟರೆ ಅದರ ತಾಯಿಬೇರಿಗೆ ಪೆಟ್ಟಾಗಿ ಬೇಗ ಹೂವಿಗೆ ತಿರುಗುತ್ತದೆ. ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಬೆಳೆಯುವ ಜಾಗದಲ್ಲೇ ಬಿತ್ತುವುದು ವಾಸಿ. ರೋಸ್‌ಮೆರಿಗೂ ಬೀಜದ ಗೋಜು ಬೇಡ, ಎಳೆ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ.